ಚಸ್ಮಾದವರೂ ಕಡಲ ತಳ ನೋಡಬಹುದು

ಹೊಳೆಆಲೂರು ಸ್ಟೇಷನ್ನಿನಲ್ಲಿ ಹುಬ್ಬಳ್ಳಿ ಕಡೆಯ ಗಾಡಿಗೆ ಕಾಯುತ್ತ ನಿಂತಿದ್ದಾಗ ನಮ್ಮ ಓಣಿಯ ಹುಡುಗನೊಬ್ಬ ಹತ್ತಿರ ಬಂದ. “ಕಾಕಾ, ಗೆಳೆಯಾರೆಲ್ಲ ಸೇರಿ ಮುರ್ಡೇಶ್ವರಕ್ಕ ಹೊಂಟೇವ್ರಿ. ನೇತ್ರಾಣಿಯೊಳಗ ಸ್ಕೂಬಾ ಮಾಡಾಕ ಅಡ್ವಾನ್ಸೂ ಕೊಟ್ಟೇವಿ. ನಂದು ನಾಕೂವರಿ ನಂಬರ್ ಐತಿ. ಚಸ್ಮಾ ತಗದ್ರ ಎದುರಿಗೆ ನಿಂತಾವ್ರ ಮಾರೀನ ಕಾಣಂಗಿಲ್ಲ. ನೀರಾಗ ಇಳದು ಏನ್ ನೋಡ್ಲಿ ನಾ?” ಎಂದ. ಬುಕಿಂಗ್ ಮಾಡಿಕೊಂಡವರು ಕಳಿಸಿದ್ದ ಮೆಸೇಜನ್ನೂ ತೋರಿಸಿದ. ಟವೆಲ್, ಬದಲಿ ಬಟ್ಟೆ, ಗುರುತಿನ ಚೀಟಿ ತರಬೇಕು, ಹಿಂದಿನ ರಾತ್ರಿ ಕುಡಿಯಬಾರದು, ಬೆಳಿಗ್ಗೆ ಹೊಟ್ಟೆ ಬಿರಿಯ ತಿನ್ನಬಾರದು ಎಂದೆಲ್ಲ ಅದರಲ್ಲಿತ್ತು. ಕಣ್ಣಿನ ನಂಬರಿನ ಬಗ್ಗೆ ಒಂದು ಮಾತೂ ಇರಲಿಲ್ಲ.

ಈ ಪ್ರಶ್ನೆ ಅವನೊಬ್ಬನದಲ್ಲ. ರೋಣ, ನರಗುಂದ, ಗಜೇಂದ್ರಗಡದ ಯಾವ ಕಾಲೇಜಿನ ತರಗತಿಗೆ ಹೋದರೂ ಬೆಂಚಿಗೊಬ್ಬರಾದರೂ ಚಸ್ಮಾ ಹಾಕಿಕೊಂಡವರು ಸಿಗುತ್ತಾರೆ. ಅದೇ ವಯಸ್ಸಿನವರೇ ಈಗ ನೇತ್ರಾಣಿ ದ್ವೀಪದ ಕಡೆ ಹೊರಟಿದ್ದಾರೆ. 2022ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ ತೆರೆಗೆ ಬಂದ ಮೇಲಂತೂ ಕರ್ನಾಟಕದ ಕಡಲಿನಲ್ಲೂ ಹವಳ ಇದೆ, ಬಣ್ಣಬಣ್ಣದ ಮೀನುಗಳಿವೆ ಎಂಬುದು ಊರೂರಿಗೆ ಗೊತ್ತಾಯಿತು. ಭಟ್ಕಳ ತಾಲೂಕಿನ ಮುರ್ಡೇಶ್ವರದಿಂದ ದೋಣಿ ಹತ್ತಿದರೆ ನೇತ್ರಾಣಿಗೆ ಒಂದು, ಒಂದೂವರೆ ತಾಸಿನ ದಾರಿ. ಮಳೆಗಾಲ ಮುಗಿದು ಕಡಲು ಶಾಂತವಾದ ಮೇಲೆ, ಹೆಚ್ಚುಕಡಿಮೆ ಅಕ್ಟೋಬರಿನಿಂದ ಮೇ ತಿಂಗಳವರೆಗೆ, ಅಲ್ಲಿ ಜನರನ್ನು ನೀರಿಗಿಳಿಸುತ್ತಾರೆ. ಇಲ್ಲಿಂದ ಅಷ್ಟು ದೂರ ಹೋಗಿ, ಸಾವಿರಾರು ರೂಪಾಯಿ ಕೊಟ್ಟು, ಮಂಜುಮಂಜಾದ ನೀಲಿ ಬಣ್ಣವೊಂದನ್ನೇ ನೋಡಿ ಬರುವ ಹುಡುಗರಿದ್ದಾರೆ ಎಂಬುದು ನನಗೆ ನಿಜವಾಗಿಯೂ ಬೇಸರದ ಸಂಗತಿ. ಕಣ್ಣಿಗೆ ನಂಬರ್ ಇರುವುದು ಕಡಲಿಗಿಳಿಯಲು ಅಡ್ಡಿಯೇ ಅಲ್ಲ. ಆದರೆ ಅದಕ್ಕೆ ಬೇಕಾದ ಏರ್ಪಾಡು ದೋಣಿಯ ಮೇಲೆ ಆಗುವುದಿಲ್ಲ, ಊರು ಬಿಡುವ ಮೊದಲೇ ಆಗಬೇಕು.

ಮೊದಲು ನೀರಿನಲ್ಲಿ ಕಣ್ಣಿಗೆ ಏನಾಗುತ್ತದೆ ಎಂದು ನೋಡೋಣ. ಬೇಸಿಗೆಯಲ್ಲಿ ತೋಟದ ಬಾವಿಗೆ ಜಿಗಿದು ಈಜು ಕಲಿತವರಿಗೆಲ್ಲ ಇದರ ಅನುಭವವಿದೆ. ತಿಳಿನೀರಿನಲ್ಲೂ ಕಣ್ಣು ಬಿಟ್ಟರೆ ಬಾವಿಯ ಮೆಟ್ಟಿಲು ಕೂಡ ಕಲಸಿದಂತೆ ಕಾಣುತ್ತದೆ. ಕಣ್ಣಿಗೆ ಏನೂ ದೋಷವಿಲ್ಲದವರಿಗೂ ಹೀಗೇ. ಕಾರಣ ಇಷ್ಟೆ: ಬೆಳಕನ್ನು ಬಗ್ಗಿಸಿ ಕಣ್ಣಿನ ಹಿಂಭಾಗದ ಪರದೆಯ ಮೇಲೆ ಬೀಳಿಸುವ ಕೆಲಸದಲ್ಲಿ ದೊಡ್ಡ ಪಾಲು ಒಳಗಿನ ಮಸೂರದ್ದಲ್ಲ, ಮುಂದಿನ ಪಾರದರ್ಶಕ ಪದರ ಕಾರ್ನಿಯಾದ್ದು. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ 43ರಷ್ಟು ಕಾರ್ನಿಯಾದಿಂದಲೇ ಬರುತ್ತದೆ. ಗಾಳಿಯಿಂದ ಕಾರ್ನಿಯಾಕ್ಕೆ ಬೆಳಕು ನುಗ್ಗುವಾಗ ಚೆನ್ನಾಗಿ ಬಾಗುತ್ತದೆ, ಯಾಕೆಂದರೆ ಗಾಳಿಯ ವಕ್ರೀಭವನ ಸೂಚ್ಯಂಕ 1, ಕಾರ್ನಿಯಾದ್ದು 1.376. ನೀರಿನದು 1.33. ಎರಡೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ನೀರಿನಿಂದ ಕಾರ್ನಿಯಾಕ್ಕೆ ಬರುವ ಬೆಳಕು ಬಾಗುವುದೇ ಇಲ್ಲ ಎನ್ನಬೇಕು. ನೀರಿಗಿಳಿದ ಕ್ಷಣ ಕಣ್ಣಿನ ಶಕ್ತಿಯಲ್ಲಿ ಮೂರನೇ ಎರಡು ಪಾಲು ಹೋಯಿತು.

ಮೀನಿಗೆ ಈ ತೊಂದರೆ ಯಾಕಿಲ್ಲ ಎಂದು ತಿಳಿಯಬೇಕಾದರೆ ಮೀನಿನ ಸಾರು ಮಾಡುವ ಮನೆಯಲ್ಲಿ ಬೆಂದ ಮೀನಿನ ಕಣ್ಣನ್ನು ಬಿಡಿಸಿ ನೋಡಬೇಕು. ಒಳಗೆ ಬಿಳಿಯ ಗಟ್ಟಿ ಗುಂಡು ಸಿಗುತ್ತದೆ. ಅದೇ ಮೀನಿನ ಮಸೂರ. ನಮ್ಮದು ಚಪ್ಪಟೆ, ಅದರದ್ದು ಪೂರ್ತಿ ಗೋಲ. ಕಾರ್ನಿಯಾದ ನೆರವಿಲ್ಲದೆ ಎಲ್ಲ ಕೆಲಸವನ್ನೂ ಮಸೂರವೊಂದೇ ಮಾಡಬೇಕಾದ್ದರಿಂದ ಅಷ್ಟು ಉರುಟಾಗಿ ಬೆಳೆದಿದೆ. ಮನುಷ್ಯರಲ್ಲೂ ಸ್ವಲ್ಪ ಮಟ್ಟಿಗೆ ನೀರಿನ ಕಣ್ಣು ಪಡೆದವರಿದ್ದಾರೆ. ಥಾಯ್ಲೆಂಡ್ ಕರಾವಳಿಯ ಮೋಕೆನ್ ಜನಾಂಗದ ಮಕ್ಕಳು ಕನ್ನಡಕವಿಲ್ಲದೆ ಕಡಲ ತಳದ ಚಿಪ್ಪು ಆರಿಸುತ್ತಾರೆ. ಸ್ವೀಡನ್ನಿನ ಸಂಶೋಧಕಿ ಆನ್ನಾ ಗಿಸ್ಲೆನ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಆ ಮಕ್ಕಳು ನೀರಿನಲ್ಲಿ ಯುರೋಪಿನ ಮಕ್ಕಳಿಗಿಂತ ಎರಡು ಪಟ್ಟು ಸೂಕ್ಷ್ಮವಾಗಿ ನೋಡುತ್ತಿದ್ದರು. ಕಣ್ಣಿನ ಪಾಪೆಯನ್ನು ಆದಷ್ಟು ಕಿರಿದುಗೊಳಿಸಿ, ಮಸೂರವನ್ನು ಆದಷ್ಟು ಉಬ್ಬಿಸಿ ಅವರು ಇದನ್ನು ಸಾಧಿಸುತ್ತಾರೆ. ನಮಗೆ ಆ ಅಭ್ಯಾಸವಿಲ್ಲ. ನಾವು ಮಾಸ್ಕ್ ಕಟ್ಟಿಕೊಳ್ಳಬೇಕು.

ಮಾಸ್ಕ್ ಮಾಡುವುದು ಒಂದೇ ಕೆಲಸ. ಕಣ್ಣಿನ ಮುಂದೆ ಒಂದಿಷ್ಟು ಗಾಳಿಯನ್ನು ಹಿಡಿದಿಟ್ಟು ಕಾರ್ನಿಯಾಕ್ಕೆ ಅದರ ಶಕ್ತಿಯನ್ನು ಮರಳಿ ಕೊಡುತ್ತದೆ. ಅಂದರೆ ಮಾಸ್ಕ್ ಹಾಕಿದ ಮೇಲೆ ನೀರಿನಲ್ಲಿ ನಿಮ್ಮ ಕಣ್ಣು ದಡದಲ್ಲಿ ಹೇಗಿತ್ತೋ ಹಾಗೇ ಇರುತ್ತದೆ. ದಡದಲ್ಲಿ ನಂಬರ್ ಇದ್ದರೆ ನೀರಿನಲ್ಲೂ ಇರುತ್ತದೆ. “ನೀರಿನಲ್ಲಿ ಎಲ್ಲ ದೊಡ್ಡದಾಗಿ ಕಾಣುತ್ತೆ, ಚಸ್ಮಾ ಯಾಕೆ ಬೇಕು” ಎಂದು ಹೇಳುವವರಿದ್ದಾರೆ. ಅರ್ಧ ನಿಜ. ಚಪ್ಪಟೆ ಗಾಜಿನ ಮೂಲಕ ನೋಡಿದಾಗ ನೀರಿನೊಳಗಿನ ವಸ್ತು ಇರುವ ದೂರದ ಮುಕ್ಕಾಲು ಪಾಲು ದೂರದಲ್ಲಿ ಇದ್ದಂತೆ, ಮೂರನೇ ಒಂದು ಪಾಲು ದೊಡ್ಡದಾದಂತೆ ಕಾಣುತ್ತದೆ. ಕೊಡದ ತಳದಲ್ಲಿ ಬಿದ್ದ ನಾಣ್ಯ ಮೇಲೆದ್ದಂತೆ ಕಾಣುವುದೂ ಇದೇ ಲೆಕ್ಕದಿಂದ. ಇದು ಸಣ್ಣ ನಂಬರಿನವರಿಗೆ ನೆರವಾಗುತ್ತದೆ, ದೊಡ್ಡ ನಂಬರಿನವರಿಗೆ ಸಾಲುವುದಿಲ್ಲ.

ಎಷ್ಟು ಸಾಲುವುದಿಲ್ಲ ಎಂಬುದನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಮೈನಸ್ ನಂಬರಿನವರಿಗೆ ಚಸ್ಮಾ ಇಲ್ಲದೆ ಸ್ಪಷ್ಟವಾಗಿ ಕಾಣುವ ಕೊನೆಯ ದೂರ ಯಾವುದೆಂದರೆ 1 ಮೀಟರನ್ನು ನಂಬರಿನಿಂದ ಭಾಗಿಸಿದಷ್ಟು. ನಂಬರ್ 1 ಆದರೆ 1 ಮೀಟರ್, 2 ಆದರೆ ಅರ್ಧ ಮೀಟರ್. ಆ ಹುಡುಗನ ನಾಲ್ಕೂವರೆಗೆ 22 ಸೆಂಟಿಮೀಟರ್. ನೀರಿನಲ್ಲಿ ವಸ್ತು ಹತ್ತಿರ ಬಂದಂತೆ ಕಾಣುವುದರಿಂದ ಈ ಅಳತೆ ಸ್ವಲ್ಪ ಹಿಗ್ಗುತ್ತದೆ: ನಂಬರ್ 1ಕ್ಕೆ 1.33 ಮೀಟರ್, 2ಕ್ಕೆ ಸುಮಾರು 67 ಸೆಂಟಿಮೀಟರ್, ನಾಲ್ಕೂವರೆಗೆ 30 ಸೆಂಟಿಮೀಟರ್, ಅಂದರೆ ಒಂದೇ ಒಂದು ಅಡಿ. ಅದರಾಚೆ ಎಲ್ಲ ಮಸುಕು. ನಂಬರ್ 1, ಒಂದೂವರೆ ಇದ್ದವರು ಮೊದಲ ಸಲ ಇಳಿಯುವಾಗ ಏನನ್ನೂ ಹುಡುಕುವುದು ಬೇಡ, ಬರಿಯ ಮಾಸ್ಕ್ ಸಾಕು. 2ರ ಆಸುಪಾಸಿನವರಿಗೆ ನಡೆಯುತ್ತದೆ, ಆದರೆ ದೂರದ ಮೀನು ಬರಿಯ ನೆರಳು. 3 ದಾಟಿದವರು ಏರ್ಪಾಡು ಮಾಡಿಕೊಂಡೇ ಹೋಗಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದು ಮೀನು ಕಾಣುವ ಖುಷಿಯ ಪ್ರಶ್ನೆಯಷ್ಟೇ ಆಗಿದ್ದರೆ ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ನೀರಿನಲ್ಲಿ ಮಾತಿಲ್ಲ, ಎಲ್ಲವೂ ಕೈಸನ್ನೆ. ತೋರುಬೆರಳು ಹೆಬ್ಬೆರಳು ಸೇರಿಸಿ ಉಂಗುರ ಮಾಡಿದರೆ ‘ಸರಿ ಇದ್ದೇನೆ’, ಹೆಬ್ಬೆರಳು ಮೇಲೆತ್ತಿದರೆ ‘ಮೇಲೆ ಹೋಗೋಣ’, ಅಂಗೈ ಅತ್ತಿತ್ತ ಅಲುಗಿಸಿದರೆ ‘ಏನೋ ತೊಂದರೆ’. ಮೊದಲ ಸಲದವರ ಪಕ್ಕದಲ್ಲೇ ಕಲಿಸುವವರು ಇರುತ್ತಾರೆ, ಗಾಳಿಯ ಸಿಲಿಂಡರನ್ನು ಹಿಡಿದೇ ಇರುತ್ತಾರೆ. ಆದ್ದರಿಂದ ಸನ್ನೆ ಕಾಣದೆ ಅಪಾಯವಾಗುವುದು ಕಡಿಮೆ. ಆದರೆ ಪೂರ್ತಿ ಕೋರ್ಸ್ ಮಾಡಿ 18 ಮೀಟರ್‌ವರೆಗೆ ಇಳಿಯಲು ಅರ್ಹತೆ ಪಡೆಯುವವರ ಮಾತು ಬೇರೆ. ಅವರು ತಮ್ಮ ಗಾಳಿಯ ಮೀಟರನ್ನು ತಾವೇ ಓದಿಕೊಳ್ಳಬೇಕು. 200 ಬಾರ್‌ನಿಂದ ಶುರುವಾದ ಮುಳ್ಳು 50ರ ಕೆಂಪು ಗೆರೆಗೆ ಬರುವಷ್ಟರಲ್ಲಿ ದೋಣಿಯ ಬಳಿ ಇರಬೇಕು. ಆ ಮುಳ್ಳು ಕಾಣದವರು ನೀರಿನಲ್ಲಿರಬಾರದು.

ಹಾಗಾದರೆ ಮಾಸ್ಕಿನ ಒಳಗೇ ಚಸ್ಮಾ ಹಾಕಿಕೊಂಡರೆ? ಆಗುವುದಿಲ್ಲ. ಮಾಸ್ಕಿನ ಸುತ್ತ ಮೆತ್ತನೆಯ ಸಿಲಿಕೋನ್ ಅಂಚು ಇರುತ್ತದೆ. ಅದು ಹಣೆ, ಕಪಾಳ, ಮೂಗಿನ ಕೆಳಭಾಗಕ್ಕೆ ಅಂಟಿ ನಿಂತರೆ ಮಾತ್ರ ನೀರು ಒಳಬರುವುದಿಲ್ಲ. ಕಿವಿಯ ಕಡೆ ಹೋಗುವ ಚಸ್ಮಾದ ಕಡ್ಡಿ ಆ ಅಂಚನ್ನು ಎತ್ತಿಹಿಡಿಯುತ್ತದೆ, ಅಲ್ಲಿಂದ ನೀರು ಒಸರುತ್ತದೆ. ಕಡ್ಡಿ ಮುರಿದು, ಉಳಿದ ಚೌಕಟ್ಟನ್ನು ಟೇಪಿನಿಂದ ಮಾಸ್ಕಿನೊಳಗೆ ಅಂಟಿಸಿಕೊಳ್ಳುವ ಉಪಾಯವನ್ನೂ ಕೆಲವರು ಹೇಳಿಕೊಡುತ್ತಾರೆ. ನೀರು ತಗುಲಿ ಟೇಪು ಬಿಟ್ಟರೆ ಚೌಕಟ್ಟು ಕಣ್ಣಿನ ಮುಂದೆಯೇ ತೇಲಾಡುತ್ತದೆ. ಹತ್ತು ಮೀಟರ್ ಕೆಳಗೆ, ಮೊದಲೇ ಎದೆ ಹೊಡೆದುಕೊಳ್ಳುತ್ತಿರುವಾಗ, ಅಂಥ ಗಾಬರಿ ಯಾರಿಗೂ ಬೇಡ.

ಈಜುಕೊಳದಲ್ಲಿ ಹಾಕುವ ನಂಬರಿನ ಗಾಗಲ್ಸ್ ಇದೆಯಲ್ಲ, ಅದನ್ನೇ ಹಾಕಿಕೊಳ್ಳುತ್ತೇನೆ ಎನ್ನುವವರಿಗೆ ಇನ್ನೂ ಗಟ್ಟಿಯಾಗಿ ಬೇಡ ಎನ್ನುತ್ತೇನೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ದಡದಲ್ಲಿದ್ದದ್ದರ ಎರಡು ಪಟ್ಟಾಗುತ್ತದೆ, ಒಳಗೆ ಸಿಕ್ಕಿಬಿದ್ದ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಸ್ಕೂಬಾ ಮಾಸ್ಕು ಮೂಗನ್ನೂ ಮುಚ್ಚಿಕೊಂಡಿರುವುದು ಇದಕ್ಕಾಗಿಯೇ: ಮೂಗಿನಿಂದ ಒಂದಿಷ್ಟು ಉಸಿರು ಬಿಟ್ಟರೆ ಕುಗ್ಗಿದ ಗಾಳಿಯ ಜಾಗ ತುಂಬುತ್ತದೆ. ಗಾಗಲ್ಸಿಗೆ ಆ ದಾರಿಯಿಲ್ಲ. ಅದು ಕಣ್ಣನ್ನು ಹೀರತೊಡಗುತ್ತದೆ. ರೆಪ್ಪೆ ಬಾತು, ಬಿಳಿಗುಡ್ಡೆಯಲ್ಲಿ ರಕ್ತ ಇಳಿಯುವವರೆಗೂ ಹೋಗುತ್ತದೆ.

ಇನ್ನು ದಾರಿಗಳು. ನನ್ನ ದೃಷ್ಟಿಯಲ್ಲಿ ಬಹಳ ಜನಕ್ಕೆ ಹೊಂದುವುದು ಮಾಸ್ಕಿನಲ್ಲೇ ಕೂಡಿಸುವ ಸಿದ್ಧ ಲೆನ್ಸ್. ಎರಡು ಕಣ್ಣಿಗೆ ಎರಡು ಬೇರೆ ಗಾಜಿರುವ ಮಾಸ್ಕುಗಳಿರುತ್ತವೆ. ಅದರ ಸಾದಾ ಗಾಜನ್ನು ಬಿಚ್ಚಿ ನಂಬರಿನ ಗಾಜನ್ನು ಕೂಡಿಸುತ್ತಾರೆ, ಹತ್ತು ನಿಮಿಷದ ಕೆಲಸ. ಈ ಗಾಜಿನ ಹೊರಮೈ ಚಪ್ಪಟೆ, ನಂಬರಿನ ತಿರುವೆಲ್ಲ ಒಳಮೈಯಲ್ಲಿ. ಹೊರಮೈ ಚಪ್ಪಟೆ ಇರುವುದರಿಂದಲೇ ದಡದಲ್ಲೂ ನೀರಿನಲ್ಲೂ ಅದರ ನಂಬರ್ ಬದಲಾಗುವುದಿಲ್ಲ. ಸಾಮಾನ್ಯವಾಗಿ ಅರ್ಧರ್ಧ ನಂಬರಿನ ಅಂತರದಲ್ಲಿ, ಮೈನಸ್ 1ರಿಂದ 8ರವರೆಗೆ, ಕೆಲವು ಕಂಪನಿಗಳಲ್ಲಿ ಇನ್ನೂ ಮೇಲಕ್ಕೆ ಸಿಗುತ್ತದೆ. ಬಲಗಣ್ಣಿಗೆ 3, ಎಡಗಣ್ಣಿಗೆ 5 ಇದ್ದರೂ ಚಿಂತೆಯಿಲ್ಲ, ಬೇರೆ ಬೇರೆ ಕೂಡಿಸಬಹುದು. ಒಂದು ಮಾತು ನೆನಪಿಡಬೇಕು: ಒಂದು ಕಂಪನಿಯ ಗಾಜು ಇನ್ನೊಂದರ ಮಾಸ್ಕಿಗೆ ಕೂಡುವುದಿಲ್ಲ. ಗಾಜಿನ ಆಸೆಗೆ ಮುಖಕ್ಕೆ ಹೊಂದದ ಮಾಸ್ಕ್ ಕೊಳ್ಳಬಾರದು. ಮೊದಲು ಮಾಸ್ಕ್, ಆಮೇಲೆ ಗಾಜು.

ಯಾವ ನಂಬರಿನ ಗಾಜು ಎಂಬುದಕ್ಕೆ ಕಣ್ಣಿನ ಡಾಕ್ಟರು ಬರೆದುಕೊಟ್ಟ ಚೀಟಿ ಕೈಯಲ್ಲಿರಬೇಕು. ಆ ಹುಡುಗ ಪಾಕೀಟಿನಿಂದ ತನ್ನ ಚೀಟಿ ತೆಗೆದು ತೋರಿಸಿದ, ಮಡಿಕೆಯಲ್ಲಿ ಹರಿದಿತ್ತು. ಬಲಗಣ್ಣು: ಎಸ್‌ಪಿಎಚ್ ಮೈನಸ್ 4.50, ಸಿವೈಎಲ್ ಮೈನಸ್ 0.50, ಆಕ್ಸಿಸ್ 180. ಎಡಗಣ್ಣು: ಎಸ್‌ಪಿಎಚ್ ಮೈನಸ್ 4.25, ಸಿವೈಎಲ್ ಮೈನಸ್ 0.75, ಆಕ್ಸಿಸ್ 170. ಎಸ್‌ಪಿಎಚ್ ಎಂದರೆ ಸಾದಾ ಗೋಲಾಕಾರದ ನಂಬರ್. ಸಿವೈಎಲ್ ಅಂದರೆ ಸಿಲಿಂಡರ್, ಕಾರ್ನಿಯಾ ಒಂದು ದಿಕ್ಕಿನಲ್ಲಿ ಹೆಚ್ಚು, ಇನ್ನೊಂದು ದಿಕ್ಕಿನಲ್ಲಿ ಕಡಿಮೆ ಬಾಗಿರುವುದನ್ನು ಸರಿಪಡಿಸುವ ನಂಬರ್. ಆಕ್ಸಿಸ್ ಎಂದರೆ ಅದನ್ನು ಯಾವ ಕೋನದಲ್ಲಿ ಕೂಡಿಸಬೇಕು ಎಂಬುದು. ಸಿದ್ಧ ಗಾಜಿನಲ್ಲಿ ಸಿಲಿಂಡರ್ ಇರುವುದಿಲ್ಲ. ಅದಕ್ಕೆ ಒಂದು ರೂಢಿಯ ಲೆಕ್ಕವಿದೆ: ಸಿಲಿಂಡರಿನ ಅರ್ಧವನ್ನು ಮೊದಲ ನಂಬರಿಗೆ ಕೂಡಿಸುವುದು. ಬಲಗಣ್ಣಿಗೆ 4.50ಕ್ಕೆ 0.25 ಸೇರಿ 4.75. ಎಡಗಣ್ಣಿಗೆ 4.25ಕ್ಕೆ 0.37 ಸೇರಿ ಸುಮಾರು 4.62. ಸಿಗುವುದು 4.50 ಅಥವಾ 5. ಇಂಥಲ್ಲಿ ಕಡಿಮೆಯ ಕಡೆ ಬರುವುದು ಒಳ್ಳೆಯದು; ನಂಬರ್ ಹೆಚ್ಚಾದರೆ ಕಣ್ಣು ಹತ್ತಿರದ್ದನ್ನು ನೋಡಲು ಸುಮ್ಮನೆ ದುಡಿಯಬೇಕಾಗುತ್ತದೆ, ತಲೆನೋವೂ ಬರಬಹುದು. ಅವನಿಗೆ ಎರಡೂ ಕಡೆ 4.50 ಸಾಕು ಎಂದು ಹೇಳಿ, ಗದುಗಿನಲ್ಲಿ ಚಸ್ಮಾ ಮಾಡಿಸಿದ ಅಂಗಡಿಯವರಿಗೂ ಒಮ್ಮೆ ತೋರಿಸಲು ಹೇಳಿದೆ.

ನಂಬರ್ 6, 7 ದಾಟಿದವರಿಗೆ ಇನ್ನೊಂದು ಸೂಕ್ಷ್ಮವಿದೆ. ಚಸ್ಮಾದ ಗಾಜು ಕಣ್ಣಿನಿಂದ ಒಂದು ಸೆಂಟಿಮೀಟರಿಗಿಂತ ತುಸು ದೂರದಲ್ಲಿ ಇರುತ್ತದೆ, ಮಾಸ್ಕಿನ ಗಾಜು ಅದಕ್ಕಿಂತ ಮುಂದೆ. ಮೈನಸ್ ಗಾಜು ಕಣ್ಣಿನಿಂದ ದೂರ ಸರಿದಷ್ಟೂ ಅದರ ಬಲ ಕಡಿಮೆಯಾದಂತೆ. 8 ನಂಬರಿನವರ ಗಾಜು ಇನ್ನೂ ಒಂದು ಸೆಂಟಿಮೀಟರ್ ಮುಂದೆ ಹೋದರೆ ಅಲ್ಲಿ ಬೇಕಾಗುವುದು 8.70. ನಾಲ್ಕು ನಂಬರಿನವರಿಗೆ ಬೇಕಾಗುವುದು 4.17, ಆ ವ್ಯತ್ಯಾಸ ಗಣನೆಗೆ ಬಾರದು. ಆದ್ದರಿಂದ ದೊಡ್ಡ ನಂಬರಿನವರು ತಮ್ಮ ಲೆಕ್ಕ ತಾವೇ ಹಾಕದೆ, ಮಾಸ್ಕ್ ಹಿಡಿದುಕೊಂಡು ಹೋಗಿ ಕಣ್ಣು ಪರೀಕ್ಷಿಸುವವರನ್ನೇ ಕೇಳಬೇಕು.

ಸಿಲಿಂಡರ್ ಒಂದೂವರೆ, ಎರಡು ಮೀರಿದವರಿಗೆ, ಅಥವಾ ದೂರಕ್ಕೂ ಓದುವುದಕ್ಕೂ ಬೇರೆ ಬೇರೆ ನಂಬರ್ ಇದ್ದವರಿಗೆ, ಹೇಳಿ ಮಾಡಿಸಿದ ಲೆನ್ಸನ್ನು ಮಾಸ್ಕಿನ ಗಾಜಿನ ಒಳಮೈಗೆ ಅಂಟಿಸಿಕೊಡುವ ಪದ್ಧತಿಯಿದೆ. ಯಾವ ನಂಬರಾದರೂ, ಯಾವ ಕೋನವಾದರೂ ಆಗುತ್ತದೆ. ಎರಡು ಪಾಪೆಗಳ ನಡುವಿನ ಅಂತರವನ್ನೂ ಅಳೆದು ಕೂಡಿಸುತ್ತಾರೆ. ದುಬಾರಿ, ವಾರಗಟ್ಟಲೆ ಕಾಯಬೇಕು, ನಮ್ಮ ಕಡೆ ಮಾಡುವವರು ಸಿಗುವುದು ಕಷ್ಟ. ವರ್ಷವರ್ಷ ಇಳಿಯುವವರು ಮಾಡಿಸಿಕೊಳ್ಳಲಿ. ಜೀವಮಾನದಲ್ಲಿ ಒಮ್ಮೆ ನೇತ್ರಾಣಿ ನೋಡಿ ಬರುವವರಿಗೆ ಇದು ಬೇಡ.

ಕಾಂಟ್ಯಾಕ್ಟ್ ಲೆನ್ಸಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಈಗಿನ ಹುಡುಗ ಹುಡುಗಿಯರಿಗೆ ಮೊದಲು ಹೊಳೆಯುವುದು ಅದೇ. ಮೆತ್ತನೆಯ ಲೆನ್ಸ್ ಹಾಕಿಕೊಂಡು ಸ್ಕೂಬಾ ಮಾಡಬಹುದು. ಅದು ಸುಮಾರು 14 ಮಿಲಿಮೀಟರ್ ಅಗಲವಿದ್ದು ರೆಪ್ಪೆಯ ಅಡಿಯವರೆಗೆ ಹರಡಿಕೊಂಡಿರುವುದರಿಂದ ಸುಲಭಕ್ಕೆ ಜಾರುವುದಿಲ್ಲ. ಸಿಲಿಂಡರ್ ಇರುವ ಲೆನ್ಸೂ ಸಿಗುತ್ತದೆ, ಯಾವ ಮಾಸ್ಕಾದರೂ ನಡೆಯುತ್ತದೆ, ದೋಣಿಯ ಮೇಲೂ ಕಣ್ಣು ಕಾಣುತ್ತದೆ. ಗಟ್ಟಿ ಲೆನ್ಸ್ ಬೇರೆ. ಅದು ಚಿಕ್ಕದು, ಮಾಸ್ಕಿನಲ್ಲಿ ನೀರು ತುಂಬಿದರೆ ಕೊಚ್ಚಿಹೋಗಬಹುದು. ಗಾಳಿಯಾಡದ ಹಳೆಯ ಬಗೆಯ ಗಟ್ಟಿ ಲೆನ್ಸ್ ಆದರೆ ಮೇಲೇರುವಾಗ ಅದರಡಿ ಸಣ್ಣ ಗುಳ್ಳೆಗಳು ಕಟ್ಟಿಕೊಂಡು ಕಾರ್ನಿಯಾಕ್ಕೆ ನೋವಾಗುತ್ತದೆ. ಕಾರ್ನಿಯಾ ಶಂಕುವಿನಂತೆ ಚೂಪಾಗಿ ಗಟ್ಟಿ ಲೆನ್ಸ್ ಹಾಕುತ್ತಿರುವವರು ತಮ್ಮ ವೈದ್ಯರನ್ನು ಕೇಳದೆ ಹೊರಡಬಾರದು.

ಮೆತ್ತನೆಯ ಲೆನ್ಸಿಗೂ ಷರತ್ತುಗಳಿವೆ. ಒಂದೇ ದಿನ ಹಾಕಿ ಬಿಸಾಡುವ ಲೆನ್ಸ್ ಆಗಿರಲಿ. ಮುಂಚೆ ಎಂದೂ ಹಾಕದವರು ನೇತ್ರಾಣಿಯ ದೋಣಿಯಲ್ಲಿ ಮೊದಲ ಸಲ ಹಾಕಿಕೊಳ್ಳುವ ಸಾಹಸ ಮಾಡಬಾರದು. ಅಲುಗುವ ದೋಣಿ, ಉಪ್ಪು ಕೈ, ಬೀಸುವ ಗಾಳಿ, ಇವುಗಳ ನಡುವೆ ಆಗುವ ಕೆಲಸವಲ್ಲ. ಮಾಸ್ಕಿನಲ್ಲಿ ನೀರು ಬಂದಾಗ ಅದನ್ನು ಹೊರಹಾಕುವ ಅಭ್ಯಾಸ ಮಾಡಿಸುತ್ತಾರೆ, ಆಗ ಕಣ್ಣು ಮುಚ್ಚಿರಬೇಕು. ಲೆನ್ಸ್ ಹಾಕಿದ್ದೇನೆ ಎಂದು ಮೊದಲೇ ಹೇಳಿದರೆ ಕಲಿಸುವವರು ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಾರೆ. ಹುಡುಗಿಯರು ಆ ದಿನ ಕಾಡಿಗೆ ಹಚ್ಚದಿರುವುದು ಒಳ್ಳೆಯದು. ಮೇಲೆ ಬಂದ ಮೇಲೆ ಲೆನ್ಸ್ ಕಣ್ಣಿಗೆ ಬಿಗಿದುಕೊಂಡಂತಾದರೆ ಕೀಳಬಾರದು. ಕಣ್ಣು ತೇವಗೊಳಿಸುವ ಡ್ರಾಪ್ಸ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಸಡಿಲಾದ ಮೇಲೆ ತೆಗೆದು ಎಸೆಯಬೇಕು. ಅದನ್ನೇ ತೊಳೆದು ಮರುದಿನ ಹಾಕಬಾರದು.

ಇಷ್ಟು ಹಠ ಯಾಕೆಂದರೆ ನೀರಿನಲ್ಲಿ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಇರುತ್ತದೆ. ಹೊಳೆ, ಕೆರೆ, ಬಾವಿ, ಕಡಲು, ಕಡೆಗೆ ನಲ್ಲಿಯ ನೀರಿನಲ್ಲೂ. ಬರಿಗಣ್ಣಿನವರಿಗೆ ಅದು ತಗುಲುವುದು ಅಪರೂಪ. ಲೆನ್ಸ್ ಹಾಕುವವರ ಕಾರ್ನಿಯಾದಲ್ಲಿ ಬಿದ್ದ ಸಣ್ಣ ಗೀರಿನ ಮೂಲಕ ಒಳಹೊಕ್ಕರೆ ತಿಂಗಳುಗಟ್ಟಲೆ ಔಷಧ ಹಾಕಬೇಕಾಗುತ್ತದೆ, ದೃಷ್ಟಿಯನ್ನೇ ಕಳೆದುಕೊಂಡವರಿದ್ದಾರೆ. ಆದ್ದರಿಂದ ಲೆನ್ಸ್ ಹಾಕಿಕೊಂಡು ಮಲಪ್ರಭೆಯಲ್ಲೋ ತೋಟದ ಬಾವಿಯಲ್ಲೋ ಈಜುವುದನ್ನು ಪೂರ್ತಿ ಬಿಟ್ಟುಬಿಡಬೇಕು. ಕಡಲಿನಿಂದ ಬಂದ ಮೇಲೆ ಕಣ್ಣು ಕೆಂಪಾಗಿ, ವಿಪರೀತ ನೋವಾಗಿ, ಬೆಳಕು ನೋಡಲಾಗದಿದ್ದರೆ ಮೆಡಿಕಲ್ ಶಾಪಿನ ಡ್ರಾಪ್ಸ್ ಹಾಕಿ ಕಾಯಬೇಡಿ. ಗದಗಿಗೋ ಹುಬ್ಬಳ್ಳಿಗೋ ಹೋಗಿ ಕಣ್ಣಿನ ವೈದ್ಯರಿಗೇ ತೋರಿಸಿ, ಲೆನ್ಸ್ ಹಾಕಿಕೊಂಡು ನೀರಿಗಿಳಿದಿದ್ದೆ ಎಂಬ ಮಾತನ್ನು ಬಾಯಿಬಿಟ್ಟು ಹೇಳಿ. ಆ ಒಂದು ಮಾತಿನಿಂದ ರೋಗ ಬೇಗ ಗುರುತಿಗೆ ಸಿಗುತ್ತದೆ.

ನಲವತ್ತು ದಾಟಿ ಚಾಳೀಸು ಬಂದವರ ಕಷ್ಟ ಬೇರೆ ತರಹದ್ದು. ದೂರದ ಮೀನು ಚೆನ್ನಾಗಿ ಕಾಣುತ್ತದೆ, ಕೈಯಲ್ಲಿರುವ ಮೀಟರು ಕಾಣುವುದಿಲ್ಲ. ನೀರು ಇದನ್ನು ಇನ್ನಷ್ಟು ಕೆಡಿಸುತ್ತದೆ: 60 ಸೆಂಟಿಮೀಟರ್ ದೂರಕ್ಕೆ ಚಾಚಿ ಹಿಡಿದ ಮೀಟರು 45 ಸೆಂಟಿಮೀಟರಿನಲ್ಲಿ ಇದ್ದಂತೆ ಕಣ್ಣು ಕೆಲಸ ಮಾಡಬೇಕಾಗುತ್ತದೆ. ಇವರಿಗೆ ಮಾಸ್ಕಿನ ಕೆಳಭಾಗದಲ್ಲಿ ಅಂಟಿಸಿಕೊಳ್ಳುವ ಚಿಕ್ಕ ಓದುವ ಲೆನ್ಸುಗಳು ಸಿಗುತ್ತವೆ, ಕೆಳಭಾಗದಲ್ಲೇ ಪ್ಲಸ್ ನಂಬರ್ ಇರುವ ಸಿದ್ಧ ಗಾಜುಗಳೂ ಇವೆ. ಮೈನಸ್ ಎರಡರ ಆಸುಪಾಸು ಇದ್ದು ಚಾಳೀಸೂ ಬಂದವರಿಗೆ ಒಂದು ಸಮಾಧಾನವಿದೆ. ನಂಬರಿಲ್ಲದ ಮಾಸ್ಕಿನಲ್ಲಿ ಅವರಿಗೆ ಮೀಟರು ಸ್ಪಷ್ಟವಾಗಿಯೇ ಕಾಣುತ್ತದೆ.

ಕಣ್ಣಿನ ಆಪರೇಷನ್ ಆದವರು ಇಲ್ಲಿ ಸ್ವಲ್ಪ ನಿಂತು ಓದಬೇಕು. ಲೇಸಿಕ್ ಮಾಡಿಸಿಕೊಂಡು ನಂಬರ್ ಕಳೆದುಕೊಂಡವರು ಕನಿಷ್ಠ ಒಂದು ತಿಂಗಳು, ಪೊರೆ ತೆಗೆಸಿಕೊಂಡವರು ಎರಡು ಮೂರು ತಿಂಗಳು ಕಳೆದು, ವೈದ್ಯರು ಒಪ್ಪಿದ ಮೇಲೆ ಇಳಿಯಬಹುದು ಎಂಬುದು ಸಾಮಾನ್ಯ ಸಲಹೆ. ಕಾರ್ನಿಯಾ ಬದಲಾಯಿಸಿಕೊಂಡವರಿಗೆ ಆರು ತಿಂಗಳಾದರೂ ಬೇಕು. ಅಕ್ಷಿಪಟಲ ಕಳಚಿ, ಆಪರೇಷನ್ನಿನಲ್ಲಿ ಕಣ್ಣೊಳಗೆ ಗ್ಯಾಸ್ ತುಂಬಿಸಿಕೊಂಡವರು ಆ ಗ್ಯಾಸ್ ಪೂರ್ತಿ ಕರಗುವವರೆಗೆ ಇಳಿಯಲೇಬಾರದು. ಒತ್ತಡ ಏರಿಳಿದಾಗ ಆ ಗುಳ್ಳೆ ಕುಗ್ಗಿ ಹಿಗ್ಗಿ ಕಣ್ಣನ್ನೇ ಹಾಳುಮಾಡುತ್ತದೆ. ದೋಣಿ ಹತ್ತುವ ಮೊದಲು ತುಂಬಿಸಿಕೊಳ್ಳುವ ಆರೋಗ್ಯದ ಫಾರಮ್ಮಿನಲ್ಲಿ, ಮೂರು ತಿಂಗಳೊಳಗೆ ಕಣ್ಣಿನ ಶಸ್ತ್ರಚಿಕಿತ್ಸೆ ಆಗಿದೆಯೇ ಎಂಬ ಪ್ರಶ್ನೆಯೂ ಇರುತ್ತದೆ. ಗೆಳೆಯರು ಅವಸರ ಮಾಡುತ್ತಾರೆಂದು ಎಲ್ಲಕ್ಕೂ ‘ಇಲ್ಲ’ ಎಂದು ಗೀಚಿ ಸಹಿ ಹಾಕಬೇಡಿ.

ಎಷ್ಟೇ ಒಳ್ಳೆಯ ನಂಬರಿನ ಗಾಜಾದರೂ ಮಾಸ್ಕೇ ಸೋರಿದರೆ ವ್ಯರ್ಥ. ಮಾಸ್ಕ್ ಹೊಂದುತ್ತದೆಯೇ ಎಂದು ನೋಡುವ ಬಗೆ ಸರಳ. ಪಟ್ಟಿಯನ್ನು ತಲೆಯ ಹಿಂದೆ ಹಾಕದೆ, ಬರಿಯ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಉಸಿರು ಒಳಗೆಳೆದು ಕೈಬಿಡಬೇಕು. ಉಸಿರು ಹಿಡಿದಿರುವಷ್ಟು ಹೊತ್ತು ಮಾಸ್ಕ್ ಬೀಳದೆ ನಿಂತರೆ ಅದು ನಿಮ್ಮ ಮುಖದ್ದು. ಹಣೆಯ ಮೇಲಿನ ಕೂದಲು ಅಂಚಿನಡಿ ಸಿಕ್ಕಬಾರದು. ನಮ್ಮ ಕಡೆಯ ಗಂಡಸರಿಗೆ ದಟ್ಟ ಮೀಸೆ ಪ್ರೀತಿಯದು. ಮಾಸ್ಕಿನ ಅಂಚು ಕೂರುವುದು ಸರಿಯಾಗಿ ಮೀಸೆಯ ಮೇಲ್ತುದಿಗೆ, ನೀರು ಒಸರುವುದೂ ಅಲ್ಲಿಂದಲೇ. ಮೂಗಿನ ಬುಡದಲ್ಲಿ ಒಂದೆಳೆಯಷ್ಟು ಜಾಗ ಬೋಳಿಸಿಕೊಂಡರೆ ಸಾಕು, ಮೀಸೆ ಉಳಿಯುತ್ತದೆ. ಗಾಜು ಟೆಂಪರ್ಡ್ ಆಗಿರಬೇಕು, ಗಾಜಿನ ಮೇಲೇ ಹಾಗೆಂದು ಬರೆದಿರುತ್ತದೆ. ಹೊಸ ಮಾಸ್ಕ್ ಕೊಂಡಿದ್ದರೆ ಗಾಜಿನ ಒಳಮೈಯಲ್ಲಿ ತಯಾರಿಕೆಯ ಕಾಲದ ತೆಳುವಾದ ಪದರ ಉಳಿದಿರುತ್ತದೆ. ಸಾದಾ ಬಿಳಿ ಟೂತ್‌ಪೇಸ್ಟಿನಿಂದ ಚೆನ್ನಾಗಿ ಉಜ್ಜಿ ತೊಳೆಯದಿದ್ದರೆ ಎಷ್ಟು ಒರೆಸಿದರೂ ಮಂಜು ಕಟ್ಟುತ್ತದೆ. ಅಂಟಿಸಿದ ಲೆನ್ಸಿಗೆ ಮಾತ್ರ ಪೇಸ್ಟು ಬೇಡ, ಗೀರು ಬೀಳುತ್ತದೆ. ಮಕ್ಕಳ ಶಾಂಪೂ ಒಂದು ಹನಿ ಸಾಕು.

ಇಷ್ಟೆಲ್ಲ ತಿಳಿನೀರಿಗೆ ಸಂಬಂಧಿಸಿದ ಮಾತು. ನಮ್ಮ ಹೊಳೆಯ ನೀರಿಗಲ್ಲ. 2019ರ ಆಗಸ್ಟಿನಲ್ಲಿ ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರು ಮಲಪ್ರಭೆಯ ದಂಡೆಯ ಊರುಗಳಿಗೆ ನುಗ್ಗಿದ್ದನ್ನು ಇಲ್ಲಿ ಯಾರೂ ಮರೆತಿಲ್ಲ. ಎರೆಮಣ್ಣು ಕದಡಿದ ಅಂಥ ನೀರಿನಲ್ಲಿ ಮುಳುಗಿ ಹುಡುಕುವವರಿಗೆ ತಮ್ಮ ಅಂಗೈಯೇ ಕಾಣುವುದಿಲ್ಲ. ಅವರು ನೋಡಿ ಹುಡುಕುವುದಿಲ್ಲ, ತಡವಿ ಹುಡುಕುತ್ತಾರೆ. ಅವರಿಗೆ ಯಾವ ನಂಬರಿನ ಗಾಜೂ ಕೆಲಸಕ್ಕೆ ಬಾರದು. ನೇತ್ರಾಣಿಯಲ್ಲಿ ಮಾಸ್ಕ್ ಹಾಕಿದ್ದ ಧೈರ್ಯದಲ್ಲಿ ಹೊಳೆಗೆ ಜಿಗಿಯಬೇಡಿ ಎಂದು ಹುಡುಗರಿಗೆ ಬೇರೆಯಾಗಿ ಹೇಳುತ್ತೇನೆ.

ಮುರ್ಡೇಶ್ವರದಲ್ಲಿ ಸ್ಕೂಬಾ ನಡೆಸುವವರಿಗೆ ನನ್ನ ವಿನಂತಿ ಒಂದೇ. ಎತ್ತರ, ತೂಕ, ಬ್ಲಡ್ ಪ್ರೆಶರ್ ಕೇಳುವ ಬುಕಿಂಗ್ ಫಾರಮ್ಮಿನಲ್ಲಿ ‘ಕಣ್ಣಿನ ನಂಬರ್ ಎಷ್ಟು’ ಎಂಬ ಒಂದು ಸಾಲು ಸೇರಿಸಿ. ಮೈನಸ್ 2ರಿಂದ 6ರವರೆಗಿನ ಕೆಲವು ಜೊತೆ ಗಾಜುಗಳನ್ನು ದೋಣಿಯಲ್ಲಿ ಇಟ್ಟುಕೊಂಡರೆ ಬರುವವರಲ್ಲಿ ಬಹಳ ಜನಕ್ಕೆ ಅನುಕೂಲವಾಗುತ್ತದೆ. ಅದಕ್ಕಾಗಿ ಬಾಡಿಗೆ ಬೇರೆ ಕೇಳಿದರೂ ಯಾರೂ ಬೇಸರಪಡುವುದಿಲ್ಲ.

ಹೋಗುವವರಿಗೆ ಹೇಳುವುದು ಇಷ್ಟು. ಚೀಟಿ ಆರು ತಿಂಗಳು, ವರ್ಷ ಹಳೆಯದಾಗಿದ್ದರೆ ಹೊಸದಾಗಿ ಕಣ್ಣು ಪರೀಕ್ಷೆ ಮಾಡಿಸಿ. ಚೀಟಿಯ ಫೋಟೊ ಮೊಬೈಲಿನಲ್ಲಿರಲಿ. ಅಡ್ವಾನ್ಸ್ ಕಳಿಸುವ ಮೊದಲು ಅವರಿಗೆ ಫೋನ್ ಮಾಡಿ ನಂಬರಿನ ಮಾಸ್ಕ್ ಇದೆಯೇ, ನನ್ನ ನಂಬರಿನದೇ ಇದೆಯೇ, ನಾನು ಬರುವ ದಿನಕ್ಕೆ ತೆಗೆದಿಡುತ್ತೀರಾ ಎಂದು ಕೇಳಿ. ಇಲ್ಲ ಎಂದರೆ ಬೇರೆಯವರನ್ನು ಕೇಳಿ. ಚಸ್ಮಾವನ್ನು ಗಟ್ಟಿ ಡಬ್ಬಿಯಲ್ಲಿಟ್ಟು ದೋಣಿಗೂ ಒಯ್ಯಿರಿ, ಮೇಲೆ ಬಂದ ತಕ್ಷಣ ಅದು ಬೇಕಾಗುತ್ತದೆ.